ಹಿಮದ್ವೀಪದ ಹಾಳೆಗಳು

೨೪ ಜುಲೈ ೧೯೨೬, ಶಹಾಪುರ, ಬೆಳಗಾವಿ

ಇಂದು ಆಷಾಢ ಚತುರ್ದಶಿ, ಚಾತುರ್ಮಾಸ ಹಿಡಿಯಿತು. ಮಳೆಗಾಲದಲ್ಲಿ ನಡೆದರೆ ಕಾಲಡಿಗೆ ಜೀವಗಳು ಸಾಯುತ್ತವೆಂದು ನಮ್ಮ ಜೈನ ಸನ್ಯಾಸಿಗಳು ನಾಲ್ಕು ತಿಂಗಳು ಒಂದೇ ಊರಲ್ಲಿರುತ್ತಾರೆ. ಸನ್ಯಾಸಿನಿ ಆರ್ಯಿಕಾ ಅಮ್ಮನವರು ಈ ಸಲ ಖಾನಾಪುರದ ಬಸದಿಯಲ್ಲಿ ನೆಲೆ ನಿಂತಿದ್ದಾರೆ. ದೀಪಾವಳಿ ಅಮಾವಾಸ್ಯೆ ಕಳೆದ ಮೂರನೆಯ ದಿನ, ನವೆಂಬರ್ ಎಂಟಕ್ಕೆ, ಅವರ ಕೈಯಿಂದ ನನಗೆ ದೀಕ್ಷೆ. ತಲೆಗೂದಲು ಕಿತ್ತುಕೊಂಡು, ಮನೆ ಬಿಟ್ಟು, ಅವರ ಹಿಂದೆ ನಡೆದುಬಿಡುವುದು. ಇನ್ನು ನೂರೇಳು ದಿನ.

ಯಾರೂ ಒತ್ತಾಯ ಮಾಡಿಲ್ಲ, ನಾನೇ ಕೇಳಿದ್ದು. ಇನ್‌ಫ್ಲುಯೆಂಜಾ ಬಂದ ವರ್ಷ ನಮ್ಮ ಯಜಮಾನರು ತೀರಿಕೊಂಡಾಗ ನನಗೆ ಹದಿನೈದು. ಈಗ ಇಪ್ಪತ್ಮೂರು. ಎಂಟು ವರ್ಷದಿಂದ ಜಿನಪಾಲಣ್ಣನ ಮನೆಯಲ್ಲಿದ್ದೇನೆ. ಅವನ ಹೆಂಡತಿ ಹೀರಾ ವೈನಿ ಒಂದು ದಿನವೂ ಮುಖ ಗಂಟಿಕ್ಕಿಲ್ಲ. ಗಂಟಿಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಉಪಕಾರ ಹೊತ್ತುಕೊಂಡು ಕೂತು ನನಗೆ ಸಾಕಾಗಿದೆ.

ನಾನು ಮಾಡುವ ಕೆಲಸವೆಂದರೆ ಅಣ್ಣನ ಅಂಗಡಿಯ ಸೀರೆಗಳಿಗೆ ಅಂಚಿನ ಚಿತ್ತಾರ ಬರೆದುಕೊಡುವುದು. ಹೋದ ವಾರ ದಂಡಿನ ಕ್ಯಾಂಪಿನಿಂದ ಮಿಸ್ ಆಲ್ಡ್ರಿಜ್ ಎಂಬ ಇಂಗ್ಲಿಷ್ ಬಾಯಿ ಅಂಗಡಿಗೆ ಬಂದು, ಸೀರೆ ಬಿಟ್ಟು ಚಿತ್ತಾರದ ಕಾಗದವನ್ನೇ ಕೈಯಲ್ಲಿ ಹಿಡಿದು ನಿಂತರಂತೆ. ಅವರ ಹತ್ತಿರ ಒಣಗಿದ ಗಿಡಗಳಿವೆಯಂತೆ. ಅವನ್ನು ನೋಡಿ ನೋಡಿ ಬರೆಯಲು ಒಂದು ಕೈ ಬೇಕಂತೆ.

"ಹೋಗು ರತ್ನಾ. ದೀಕ್ಷಾ ಆಗೂತನಾ ಕೈಗೆ ಒಂದು ಕೆಲಸ ಇರ್ಲಿ" ಎಂದ ಅಣ್ಣ. "ಸುಮ್ನ ಕುಂತ್ರ ತಲಿ ಕೆಡ್ತೈತಿ."

೩ ಆಗಸ್ಟ್

ತೊಂಬತ್ತೇಳು ದಿನ.

ಟಾಂಗಾದಲ್ಲಿ ಕ್ಯಾಂಪಿಗೆ ಹೋದೆ, ವೈನಿ ಜೊತೆಗಿದ್ದರು. ಬಂಗಲೆಯ ಅಡುಗೆಯವರು ಮೌಲಾಸಾಬ. ಬಿಳಿ ಗಡ್ಡ, ದಪ್ಪ ದನಿ. ಮಿಸ್‌ಬಾಯಿಯ ಅರೆಬರೆ ಹಿಂದುಸ್ತಾನಿಯನ್ನು ಅವರೇ ನಮಗೆ ಕನ್ನಡ ಮಾಡಿ ಹೇಳುತ್ತಾರೆ. ಮಿಸ್‌ಬಾಯಿ ನೀಳವಾಗಿ ಒಣಗಿದ್ದಾರೆ, ತಮ್ಮ ಗಿಡಗಳ ಹಾಗೆಯೇ.

ದೊಡ್ಡ ತಗಡಿನ ಪೆಟ್ಟಿಗೆ. ಅದರೊಳಗೆ ಅರವತ್ತು ಹಾಳೆ, ಒಂದೊಂದಕ್ಕೂ ಒಂದೊಂದು ಒತ್ತಿ ಒಣಗಿಸಿದ ಗಿಡ ಅಂಟಿಸಿದೆ. ಮಿಸ್‌ಬಾಯಿಯ ತಮ್ಮ ಡಾಕ್ಟರಾಗಿದ್ದರಂತೆ. ತಿಮಿಂಗಿಲ ಬೇಟೆಯವರ ಜೊತೆ ದಕ್ಷಿಣದ ಹಿಮಗಡಲಿನ ಒಂದು ದ್ವೀಪದಲ್ಲಿ ನಾಲ್ಕು ವರ್ಷ ಇದ್ದು, ತಿರುಗಿ ಬರುವಾಗ ಹಡಗಿನಲ್ಲೇ ತೀರಿಕೊಂಡರಂತೆ. ಗಿಡ ಮಾತ್ರ ಅಕ್ಕನಿಗೆ ತಲುಪಿದವು. ಅವನ್ನು ಪುಸ್ತಕ ಮಾಡಿಸಬೇಕೆಂದು ಆಕೆಯ ಹಟ. ನವೆಂಬರ್ ಕೊನೆಗೆ ಅವರು ವಿಲಾಯತಿಗೆ ಹೊರಡುತ್ತಾರೆ.

"ಆ ದ್ವೀಪದಾಗ ಒಂದ ಗಿಡಾನೂ ಹಚ್ಚಿದ್ದಲ್ಲಂತ, ಬಾಯಾರ" ಎಂದರು ಮೌಲಾಸಾಬ. "ಒಂದ ಕಾಲಕ್ಕ ಬರೀ ಬರಫ್ ಇತ್ತಂತ. ಸುತ್ತ ಸಾವಿರ ಮೈಲು ನೀರು. ಇವೆಲ್ಲಾ ಹೊರಗಿಂದ ಬಂದು ಕುಂತಾವಂತ."

"ಹೆಂಗ ಬಂದ್ವು?" ಎಂದು ನಾನು ಕೇಳಿದೆ.

ಮೌಲಾಸಾಬ ಕೇಳಿ ತಿಳಿಸುವಷ್ಟರಲ್ಲಿ ಮಿಸ್‌ಬಾಯಿ ನಕ್ಕರು. ತಮ್ಮನ ಟಿಪ್ಪಣಿ ಪುಸ್ತಕದ ತುಂಬ ಅದೇ ಪ್ರಶ್ನೆ ಅಂತೆ, ಕೆಲವು ಬೀಜ ಹಕ್ಕಿಯ ಪುಕ್ಕಕ್ಕೆ ಅಂಟಿ ಬಂದಿರಬೇಕಂತೆ.

ಮೊದಲ ಹಾಳೆ ಒಂದು ಜಾತಿಯ ಕೋಬಿ, ಎಲೆಕೋಸು. ಚಾತುರ್ಮಾಸದಲ್ಲಿ ಸೊಪ್ಪು ಮುಟ್ಟದ ನಾನು ದಿನವಿಡೀ ಕೋಬಿ ಬರೆದೆ. ಕೆಳಗೆ ಗೆಡ್ಡೆಯಂಥ ಬೇರು. ಅದನ್ನು ಬರೆಯಲೋ ಬೇಡವೋ ಎಂದು ವೈನಿಯ ಮುಖ ನೋಡಿದೆ. "ಗಡ್ಡಿ ತಿನಬಾರದಂತ ಐತಿ, ಬರೀಬಾರದಂತ ಎಲ್ಲೂ ಇಲ್ಲ" ಎಂದರು ವೈನಿ, ಕುರ್ಚಿಯಲ್ಲೇ ತೂಕಡಿಸುತ್ತ.

೯ ಆಗಸ್ಟ್

ತೊಂಬತ್ತೊಂದು ದಿನ. ಮನಸ್ಸಿಗೆ ಸಮಾಧಾನವಿಲ್ಲ.

ಮಿಸ್‌ಬಾಯಿ ಒಂದು ಬಾಟಲಿಯನ್ನೂ ಕುಂಚವನ್ನೂ ಕೊಟ್ಟರು. ಬರೆದು ಮುಗಿದ ಮೇಲೆ ಗಿಡಕ್ಕೆ ಆ ನೀರನ್ನು ತೆಳ್ಳಗೆ ಸವರಬೇಕು. ಅದು ಪಾದರಸದ ವಿಷ. ಬೆಳಗಾವಿಯ ಮಳೆಗೆ ಚಪ್ಪಲಿಗೂ ಬೂಜು ಬರುತ್ತದೆ, ಒಣ ಎಲೆಗೆ ಹುಳು ಬರುವುದೇನು ದೊಡ್ಡದು. ವಿಷ ಸವರಿದರೆ ತಿಂದ ಹುಳು ಅಲ್ಲೇ ಸಾಯುತ್ತದಂತೆ. ಮೌಲಾಸಾಬ ದಿನವೂ ಔಷಧ ಕಲಸಿ ಇಡುತ್ತಾರೆ, ಸವರುವುದು ನನ್ನ ಕೆಲಸ.

ಹಾಳೆಯ ಮೂಲೆಯಲ್ಲಿ ಒಂದು ಹುಳು ಕಂಡೆ. ಸಾಸಿವೆಯ ಕಾಲು ಭಾಗವಿಲ್ಲ, ಕೆಂಚು ಬಣ್ಣ, ಬಲು ಗಡಿಬಿಡಿಯಲ್ಲಿತ್ತು. ಅಮ್ಮನವರು ಕೂರುವ ಮುನ್ನ ನವಿಲುಗರಿಯ ಪಿಂಛಿಯಿಂದ ನೆಲ ಸವರಿ ಕೂರುತ್ತಾರೆ. ನಾನು ಇನ್ನು ಮೂರು ತಿಂಗಳಿಗೆ ಅದೇ ಪಿಂಛಿ ಹಿಡಿಯುವವಳು. ಈ ಕೈಯಿಂದ ವಿಷ ಹೇಗೆ ಸವರಲಿ?

ಇಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಹಾಳೆಗಳನ್ನು ಬೇರೆ ಯಾರಿಗಾದರೂ ಕೊಟ್ಟುಬಿಡುತ್ತಾರೆ. ಕುಂಚವನ್ನು ಮನೆಯಿಂದ ತಂದ ಕುಡಿಯುವ ನೀರಲ್ಲಿ ಅದ್ದಿ ಗಿಡಕ್ಕೆ ಸವರಿದೆ. ಒದ್ದೆ ಒದ್ದೆಯಾಗಿ ಹೊಳೆಯಿತು, ಯಾರಿಗೂ ಗೊತ್ತಾಗಲಿಲ್ಲ. ಹುಳುವನ್ನು ಗರಿಯ ತುದಿಯಿಂದ ಎತ್ತಿ ಕಿಟಕಿಯ ಹೊರಗೆ ಬಿಟ್ಟೆ. ಪುಣ್ಯ ಕಟ್ಟಿಕೊಂಡೆನೋ ಪಾಪ ಕಟ್ಟಿಕೊಂಡೆನೋ ತಿಳಿಯದು.

೨೨ ಆಗಸ್ಟ್, ಖಾನಾಪುರಕ್ಕೆ ಹೋಗಿ ಬಂದು

ಎಪ್ಪತ್ತೆಂಟು ದಿನ.

ಚತುರ್ದಶಿ, ಅಮ್ಮನವರ ದರ್ಶನಕ್ಕೆಂದು ಬೆಳಗಿನ ರೈಲುಗಾಡಿ ಹತ್ತಿದೆವು. ದೇಸೂರು ದಾಟುತ್ತಲೇ ಮಂಜು ಎಷ್ಟು ಬಿಳಿ ಕವಿಯಿತೆಂದರೆ ಕಿಟಕಿಯಾಚೆ ಗದ್ದೆಯಿಲ್ಲ, ಮರವಿಲ್ಲ, ಭೂಮಿಯೇ ಇಲ್ಲ. ಗಾಡಿ ತೇಲುತ್ತಿದೆ ಅನ್ನಿಸಿತು. ಶಾಸ್ತ್ರದಲ್ಲಿ ಜಂಬೂದ್ವೀಪದ ಸುತ್ತ ಲವಣಸಮುದ್ರವಿದೆ. ಡಾಕ್ಟರ ದ್ವೀಪ ಅದರಲ್ಲಿ ಎಲ್ಲಿ ಬರುತ್ತದೆ ಎಂದು ಹುಡುಕುತ್ತ ಕೂತೆ. ಬಿಳಿಯೊಳಗೆ ಕಪ್ಪು ಬಂಡೆ ಎದ್ದಿತು, ಅದರ ಮೇಲೆ ಹಿಮ, ಹಿಮದ ಅಂಚಿನಲ್ಲಿ ಅಂಗೈಯಷ್ಟು ಹಸಿರು.

ಗಿಡ ಏಕೇಂದ್ರಿಯ ಜೀವ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಮುಟ್ಟಿದ್ದಷ್ಟೇ ಗೊತ್ತು. ಹಾಗಾದರೆ ಒಂದು ಬೀಜಕ್ಕೆ ಆ ಪ್ರಯಾಣ ಹೇಗಿದ್ದೀತು? ಮೊದಲು ಹಕ್ಕಿಯ ಎದೆಯ ಬಿಸಿ. ಆಮೇಲೆ ಗಾಳಿ, ದಿನಗಟ್ಟಲೆ ಗಾಳಿ. ಆಮೇಲೆ ತಣ್ಣಗಿನ ಏನೋ ಒಂದು, ಅಲ್ಲಿಗೆ ಎಲ್ಲ ನಿಂತುಬಿಡುತ್ತದೆ. ಬಂದೆ ಎಂದು ಅದಕ್ಕೆ ಗೊತ್ತಾಗುತ್ತದೆಯೇ? ಎಲ್ಲಿಗೆ ಎಂದಂತೂ ಗೊತ್ತಿರಲಾರದು.

ವೈನಿ ಭುಜ ಹಿಡಿದು ಅಲುಗಿಸಿದರು. "ಇಳಿ ಮಾರಾಯ್ತಿ, ಖಾನಾಪುರ ಬಂತು. ಗಾಡಿ ಲೋಂಡಾಕ್ಕ ಒಯ್ಯುತ್ತ ನಿನ್ನ."

ಅಮ್ಮನವರು ಉಪದೇಶ ಮಾಡಿದರು. ಏನು ಹೇಳಿದರೆಂದು ಬರೆದಿಡಬೇಕೆಂದಿದ್ದೆ, ಈಗ ನೆನಪಾಗುತ್ತಿಲ್ಲ.

೪ ಸೆಪ್ಟೆಂಬರ್

ಇನ್ನು ಅರವತ್ತು ಚಿಲ್ಲರೆ ದಿನ. ನಾಳೆ ಸರಿಯಾಗಿ ಎಣಿಸಬೇಕು.

ಇವತ್ತಿನ ಹಾಳೆಯಲ್ಲಿ ಮುಳ್ಳುಕಾಯಿ ಇತ್ತು! ನಮ್ಮ ಬೇಲಿಯ ಉತ್ತರಾಣಿ ಸೀರೆಗೆ ಅಂಟುವ ಹಾಗೆ ಅಂಟುವಂಥದು. ಒಂದೊಂದು ಮುಳ್ಳಿನ ತುದಿಗೂ ಸಣ್ಣ ಕೊಕ್ಕೆಗಳು. ಭೂತಗನ್ನಡಿಯಲ್ಲಿ ನೋಡಿ ಬರೆಯುವಷ್ಟರಲ್ಲಿ ಕುತ್ತಿಗೆ ಹಿಡಿಯಿತು. ಕಡಲಹಕ್ಕಿಗಳ ಎದೆಯ ಪುಕ್ಕಕ್ಕೆ ಕಚ್ಚಿಕೊಂಡು ಇದು ದ್ವೀಪದಿಂದ ದ್ವೀಪಕ್ಕೆ ಹೋಗುತ್ತದಂತೆ. ಪಾಚಿಯ ಬೀಜ ಧೂಳಿಗಿಂತ ಹಗುರ, ಗಾಳಿಯೇ ಸಾಕು. ಕೆಲವು ಕಡಲಕಳೆಯ ತೆಪ್ಪದ ಮೇಲೆ ಕೂತು ಬಂದವು. ಬಂದರದ ಸುತ್ತ ಬೆಳೆದ ಹುಲ್ಲು ಮಾತ್ರ ಮೊನ್ನೆ ಮೊನ್ನೆಯದು. ಅದು ಕುರಿಗಳ ಮೇವಿನಲ್ಲಿ, ಬೇಟೆಯವರ ಬೂಟಿನ ಕೆಸರಿನಲ್ಲಿ ಬಂದದ್ದು.

ಸಾವಿರಾರು ವರ್ಷಕ್ಕೆ ಒಂದು ಬೀಜ ತಲುಪಿದರೆ ಹೆಚ್ಚಂತೆ. ಉಳಿದವೆಲ್ಲ ನೀರುಪಾಲು. ತಲುಪಿದ್ದೂ ಕಲ್ಲಿಗೆ ಬಿದ್ದರೆ ಹೋಯಿತು.

"ಇಷ್ಟ ಕಷ್ಟಾ ಪಟ್ಟು ಆ ಥಂಡ್ಯಾಗ ಹೋಗಿ ಏನ ಮಾಡ್ತಾವ್ರಿ ಅವು?" ಎಂದೆ ಮೌಲಾಸಾಬರಿಗೆ.

"ಏನ ಮಾಡ್ತಾವ್ರಿ ಬಾಯಾರ, ಬೆಳೀತಾವು" ಎಂದರು. ಅವರಿಗೆ ಒಲೆಯ ಮೇಲೆ ಸಾರು ಉಕ್ಕುತ್ತಿತ್ತು.

ಬರುವಾಗ ಟಾಂಗಾದಲ್ಲಿ ಹಾಡಿಕೊಂಡೆನಂತೆ. ವೈನಿ ಹೇಳಿದರು, ನನಗೆ ಗೊತ್ತೇ ಆಗಲಿಲ್ಲ. ನೀರು ಸವರುವುದು ಈಗ ರೂಢಿಯಾಗಿದೆ.

೧೧ ಸೆಪ್ಟೆಂಬರ್

ನಾಳೆಯಿಂದ ದಶಲಕ್ಷಣ ಪರ್ವ. ಹತ್ತು ದಿನ ಒಪ್ಪೊತ್ತು, ಬಸದಿ, ಪೂಜೆ. ಕ್ಯಾಂಪಿಗೆ ರಜೆ ಹೇಳಿ ಬಂದೆ. ಹತ್ತು ದಿನ ತುಂಬ ದೊಡ್ಡವು.

೨೩ ಸೆಪ್ಟೆಂಬರ್

ನಿನ್ನೆ ಕ್ಷಮಾವಣಿ. ವರ್ಷಕ್ಕೊಮ್ಮೆ ಎಲ್ಲರಲ್ಲೂ ಕ್ಷಮೆ ಕೇಳುವ ದಿನ. ಗಲ್ಲಿಯ ಮನೆಮನೆಗೂ ಹೋಗಿ ಕೈಮುಗಿದೆ. ಹಾಲಿನ ಅಕ್ಕವ್ವನಲ್ಲೂ ಕೇಳಿದೆ, ಆಕೆಗೆ ನಾನು ಏನು ಮಾಡಿದ್ದೇನೋ ದೇವರೇ ಬಲ್ಲ.

ಇವತ್ತು ಕ್ಯಾಂಪಿಗೆ ಹೋದೆ. ಮಿಸ್‌ಬಾಯಿ ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದರು. ಮುಂದೆ ಪೆಟ್ಟಿಗೆ ತೆರೆದಿತ್ತು. ಒಳಗೆ ಹಾಳೆಗಳ ಮೇಲೆ ಎಲೆಯ ಜಾಗದಲ್ಲಿ ಬರೀ ಕೆಂಚು ಪುಡಿ. ನೀರು ಸವರಿದಲ್ಲೆಲ್ಲ ಬೂಜು, ಬೂಜಿನ ಹಿಂದೆಯೇ ಹುಳು. ಹದಿನೇಳು ಗಿಡ ಪೂರ್ತಿ ಹೋಗಿವೆ. ಅವುಗಳಲ್ಲಿ ಹದಿನಾರನ್ನು ನಾನು ಬರೆದು ಮುಗಿಸಿದ್ದೆ. ಹದಿನೇಳನೆಯದನ್ನು ಅರ್ಧ ಬರೆದಿದ್ದೆ.

ಮಿಸ್‌ಬಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಮೌಲಾಸಾಬರಿಗೆ ಅಂದರು. ಔಷಧ ಸರಿಯಾಗಿ ಕಲಸಿಲ್ಲ, ನೀರು ಜಾಸ್ತಿ ಹಾಕಿದ್ದಾನೆ, ತಿಂಗಳ ಕೊನೆಗೆ ಕೆಲಸ ಬಿಟ್ಟು ಹೋಗಲಿ ಎಂದು. ಮೌಲಾಸಾಬ ತಲೆ ತಗ್ಗಿಸಿ, "ಅಳತಿ ಸರಿ ಇತ್ತು ಮೇಮ್‌ಸಾಬ್, ಅಳತಿ ಸರಿ ಇತ್ತು" ಎಂದು ಎರಡೇ ಸಲ ಹೇಳಿದರು.

ನಾನು ಅಲ್ಲೇ ನಿಂತಿದ್ದೆ. ಆಮೇಲೆ ಟಾಂಗಾ ಹತ್ತಿ ಮನೆಗೆ ಬಂದುಬಿಟ್ಟೆ.

೨೪ ಸೆಪ್ಟೆಂಬರ್

ಹೋಗಲಿಲ್ಲ. ತಲೆನೋವು ಎಂದು ವೈನಿಗೆ ಸುಳ್ಳು ಹೇಳಿದೆ.

೨೫ ಸೆಪ್ಟೆಂಬರ್

ಹೋಗಿ ಹೇಳಿಬಿಟ್ಟೆ.

ಹೇಳುವುದಾದರೂ ಹೇಗೆ? ನನ್ನ ಮಾತನ್ನು ಮಿಸ್‌ಬಾಯಿಗೆ ದಾಟಿಸಬೇಕಾದವರು ಮೌಲಾಸಾಬರೇ. ಅವರ ಮುಖ ನೋಡಿಕೊಂಡೇ ಹೇಳಿದೆ: "ನಾ ಒಂದ ದಿನಾನೂ ನಿಮ್ಮ ಔಷಧಾ ಸವರಿಲ್ರಿ. ಬರೀ ನೀರು ಸವರೀನಿ. ಹುಳಾ ಸಾಯಬಾರದಂತ."

ಅವರು ಹೆಗಲ ಮೇಲಿನ ಅರಿವೆಯಿಂದ ಕೈ ಒರೆಸಿಕೊಂಡರು. ಆಮೇಲೆ ಮಿಸ್‌ಬಾಯಿಯ ಕಡೆ ತಿರುಗಿ, ಹುಡುಗಿಗೆ ಭೂಲ್ ಆಗಿದೆ, ಬಾಟಲಿ ಗುರುತು ಸಿಕ್ಕಿಲ್ಲ ಎಂಬಂತೆ ಏನೋ ಹಿಂದುಸ್ತಾನಿಯಲ್ಲಿ ಹೇಳತೊಡಗಿದರು. ನನಗೆ ಅಷ್ಟು ಅರ್ಥವಾಗುತ್ತದೆ.

"ಭೂಲ್ ಅಲ್ಲ ಮೌಲಾಸಾಬ. ಬೇಕಂತ ಮಾಡ್ಯಾಳಂತ ಹೇಳ್ರಿ. ದಿನಾ ಮಾಡ್ಯಾಳಂತ ಹೇಳ್ರಿ."

"ಬಾಯಾರ, ನನ್ನ ವಯಸ್ಸಾತು, ನಾ ಎಲ್ಲೆರ ಹೊಟ್ಟಿ ತುಂಬಸ್ಕೋತೀನಿ..."

"ಹೇಳ್ರಿ."

ಹೇಳಿದರು. ಮಿಸ್‌ಬಾಯಿಯ ಮುಖ ಬಿಳುಚಿತು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮೌಲಾಸಾಬ ನನಗೆ ಒಂದು ಲೋಟ ನೀರು ತಂದರು. ಅವರ ಮನೆಯ ನೀರು ನಾನು ಕುಡಿಯುವುದಿಲ್ಲವೆಂದು ನೆನಪಾಗಿ, ಲೋಟ ಹಿಡಿದುಕೊಂಡೇ ನಿಂತರು. ನನಗೆ ಅಳು ತಡೆಯಲಾಗಲಿಲ್ಲ.

೫ ಅಕ್ಟೋಬರ್, ಖಾನಾಪುರ

ಹತ್ತು ದಿನವಾದರೂ ಕ್ಯಾಂಪಿನಿಂದ ಕರೆ ಇಲ್ಲ. ಮೌಲಾಸಾಬರ ಕೆಲಸ ಉಳಿದಿದೆಯೆಂದು ಅಣ್ಣ ಕೇಳಿಕೊಂಡು ಬಂದ. ಅಷ್ಟೇ ಸಮಾಧಾನ.

ಅಮ್ಮನವರಿಗೆ ಎಲ್ಲ ಹೇಳಿದೆ. ಜೀವದಯೆ ಎಂದು ಮೆಚ್ಚಿಯಾರೆಂದು ಮನಸ್ಸಿನ ಮೂಲೆಯಲ್ಲಿ ಆಸೆ ಇತ್ತು ಅನ್ನಿಸುತ್ತದೆ.

"ಹುಳಾ ಉಳಸಾಕ ಹೋಗಿ ಆ ಮುದುಕನ ಅನ್ನಕ್ಕ ಕಲ್ಲ ಹಾಕ್ತಿದ್ದಿ" ಎಂದರು. "ಬಸದ್ಯಾಗ ಶಾಸ್ತ್ರದ ಗಂಟು ನೂರಾರು ವರ್ಷದಿಂದ ಅದಾವು. ಯಾರು ಇಸಾ ಹಚ್ಯಾರ ಅವಕ್ಕ? ಬಜಿ ಇಟ್ಟು, ಬೇವಿನ ಎಲಿ ಇಟ್ಟು, ಅರಬ್ಯಾಗ ಬಿಗದು ಕಟ್ತಾರ. ವರ್ಷಾ ಬಿಸಲಿಗೆ ಹಾಕ್ತಾರ. ಹುಳಾ ತಾವ ಬರೂದಿಲ್ಲ. ನಿನಗ ಗೊತ್ತಿಲ್ಲೇನ ಇದು?"

ಗೊತ್ತಿತ್ತು. ಚಿಕ್ಕಂದಿನಿಂದ ಶ್ರುತಪಂಚಮಿಗೆ ಆ ಗಂಟುಗಳನ್ನು ಬಿಚ್ಚಿ ಬಿಸಿಲಿಗೆ ಹರಡಿದವಳೇ ನಾನು.

"ಮತ್ತ ಯಾಕ ಬಾಯಿ ಬಿಡಲಿಲ್ಲ?"

"ಹಾಳಿ ಕಸಗೊಂಡಾರಂತ ಅಂಜಿದ್ನಿರಿ ಅಮ್ಮನವರ."

ಅಮ್ಮನವರು ನನ್ನನ್ನು ತುಸು ಹೊತ್ತು ನೋಡಿದರು.

೯ ಅಕ್ಟೋಬರ್

ಬಜೆಯ ಬೇರು, ಒಣ ಬೇವು, ಅಣ್ಣನ ಅಂಗಡಿಯ ಕೆಂಪು ಅರಿವೆ, ಎಲ್ಲ ಚೀಲದಲ್ಲಿ ತುಂಬಿ ಕರೆಯದಿದ್ದರೂ ಹೋದೆ. ಮಿಸ್‌ಬಾಯಿ ಬಾಗಿಲು ತೆಗೆದರು. ಉಳಿದ ನಲವತ್ಮೂರು ಹಾಳೆಗಳನ್ನು ಬಿಸಿಲಿಗೆ ಹರಡಿ, ಹತ್ತತ್ತರಂತೆ ಬಿಗಿದು ಕಟ್ಟಿದೆ. ಮೂರನೆಯ ಗಂಟಿಗೆ ಅವರು ಬಂದು ದಾರದ ಮೇಲೆ ಬೆರಳಿಟ್ಟು ಹಿಡಿದರು. ನಾನು ಗಂಟು ಹಾಕಿದೆ.

೨೧ ಅಕ್ಟೋಬರ್

ದಿನವೂ ಹೋಗುತ್ತಿದ್ದೇನೆ. ಬರೆದದ್ದೆಲ್ಲ ಸರಿಯಾಗುತ್ತಿದೆ, ಆ ಹದಿನೇಳನೆಯದೊಂದು ಬಿಟ್ಟು.

ಅದು ಪುಟಾಣಿ ಗಿಡ. ಡಾಕ್ಟರು ಒಂದೇ ಕಣಿವೆಯಲ್ಲಿ ಒಂದೇ ಸಲ ಕಂಡದ್ದು. ಎಲೆಯ ಮೇಲ್ಮೈ ಬರೆದಿದ್ದೇನೆ, ಕೆಳಮೈ ಬರೆಯುವ ಮೊದಲೇ ಹುಳು ತಿಂದಿತು. ಕೆಳಗೆ ರೋಮ ಇತ್ತೋ, ಬೋಳಾಗಿತ್ತೋ? ರೋಮವಿದ್ದರೆ ಅದರ ನೆಂಟರು ಒಂದು ಖಂಡದಲ್ಲಿದ್ದಾರೆ, ಬೋಳಾಗಿದ್ದರೆ ಇನ್ನೊಂದರಲ್ಲಿ. ಅದು ಎಲ್ಲಿಂದ ಹೊರಟು ಬಂತು ಎಂಬುದು ಅಷ್ಟರ ಮೇಲೆ ನಿಂತಿದೆ ಎನ್ನುತ್ತಾರೆ ಮಿಸ್‌ಬಾಯಿ. ಊಟಕ್ಕೆ ಕೂತಾಗಲೂ ಮುಂದೆ ಹಾಸಿದ ಎಲೆ ಮಗುಚಿ ನೋಡುತ್ತೇನೆ. ಅದು ಬಾಳೆಲೆ, ಪಾಪ, ಅದೇನು ಹೇಳೀತು.

ಪುಣೆಯಲ್ಲಿ ಡಾಕ್ಟರ ಗೆಳೆಯರೊಬ್ಬರಿದ್ದಾರಂತೆ. ಅವರ ಬಳಿ ಅದೇ ಗಿಡದ ಇನ್ನೊಂದು ಹಾಳೆ ಇರಬಹುದು. ನಾನೇ ಕಾಡಿ ಕಾಗದ ಬರೆಸಿದೆ.

೨ ನವೆಂಬರ್

ಪುಣೆಯಿಂದ ಉತ್ತರ ಬಂತು. ಹಾಳೆ ಇದೆ! ಟಪಾಲಿಗೆ ಕೊಡುವುದಿಲ್ಲವಂತೆ, ತಾವೇ ತರುತ್ತಾರೆ. ಹನ್ನೆರಡನೆಯ ತಾರೀಖು ಬೆಳಗಾವಿಗೆ ಬರುತ್ತಾರೆ.

ಸಂತೋಷದಿಂದ ಮನೆಗೆ ಬಂದು ವೈನಿಗೆ ಹೇಳಿದೆ. ಅವರು ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು.

"ಹನ್ನೆರಡಕ್ಕ ನೀ ಎಲ್ಲಿರ್ತಿ ರತ್ನಾ?"

ಎಂಟಕ್ಕೆ ದೀಕ್ಷೆ. ಅದು ಮರೆತಿರಲಿಲ್ಲ. ಎರಡನ್ನೂ ಒಟ್ಟಿಗೆ ನೆನೆದಿರಲಿಲ್ಲ, ಅಷ್ಟೇ.

೫ ನವೆಂಬರ್

ದೀಪಾವಳಿ, ಬಸದಿಯಲ್ಲಿ ನಿರ್ವಾಣದ ಲಾಡು ಏರಿಸಿ ಬಂದೆವು. ಮಿಸ್‌ಬಾಯಿಗೆ ನಿನ್ನೆಯೇ ಕೊನೆಯ ನಮಸ್ಕಾರ ಹೇಳಿದೆ. ಕೆಳಮೈ ಬರೆಯಲು ಹಾಳೆಯಲ್ಲಿ ಬಿಟ್ಟ ಜಾಗ ಖಾಲಿ ಇದೆ. ಬೇರೆಯವರು ಬರೆಯುತ್ತಾರೆ. ಯಾರು ಬರೆದರೇನು.

ಯಾರು ಬರೆದರೇನು ಎಂದು ಮೇಲೆ ಬರೆದಿದ್ದೇನೆ. ಈ ಪುಸ್ತಕವನ್ನು ನಾನೊಬ್ಬಳೇ ಓದುವುದು, ಆದ್ದರಿಂದ ಸುಳ್ಳು ಬರೆದು ಉಪಯೋಗವಿಲ್ಲ.

೮ ನವೆಂಬರ್, ಸಂಜೆ, ಶಹಾಪುರ

ದೀಕ್ಷೆಗೆ ಮುನ್ನ ಮದುವಣಗಿತ್ತಿಯ ಹಾಗೆ ಸಿಂಗರಿಸುತ್ತಾರೆ. ಬಿಡುವುದನ್ನು ಒಮ್ಮೆ ಉಟ್ಟು ತೊಟ್ಟು ಬಿಡಬೇಕು ಎಂದು. ಬೆಳಿಗ್ಗೆ ಖಾನಾಪುರದಲ್ಲಿ ವೈನಿ ನನ್ನ ತಲೆ ಬಾಚಿದರು. ಬಾಚಿ, ಬಿಚ್ಚಿ, ಮತ್ತೆ ಬಾಚಿದರು. ಎಂಟು ವರ್ಷ ಬಿಳಿ ಉಟ್ಟವಳಿಗೆ ಕುಸುಬಿ ಹೂವಿನ ಕೆಂಪು ಬಣ್ಣದ ಸೀರೆ ಉಡಿಸಿದರು. ಬಸದಿಯ ತುಂಬ ಜನ. ಪಾರಿಶ್ವಾಡದಿಂದ ವೈನಿಯ ತವರಿನವರು ಬಂಡಿ ಕಟ್ಟಿಕೊಂಡು ಬಂದಿದ್ದರು. ನಾನು ಎಲ್ಲರಿಗೂ ಕೈಮುಗಿದು, ಕ್ಷಮೆ ಕೇಳಿ, ಅಕ್ಕಿಯಿಂದ ಸ್ವಸ್ತಿಕ ಬರೆದ ಮಣೆಯ ಮೇಲೆ ಕೂತೆ. ಉಡಬೇಕಾದ ಬಿಳಿ ಅರಿವೆ ಪಕ್ಕದಲ್ಲಿ ಮಡಿಸಿಟ್ಟಿತ್ತು.

ಕೂದಲಿಗೆ ಕೈ ಹಾಕುವ ಮುನ್ನ ಅಮ್ಮನವರು ಎಲ್ಲರೆದುರು ಕೇಳುತ್ತಾರೆ. ಕೇಳುವುದು ಪದ್ಧತಿ, ಇಲ್ಲ ಎನ್ನುವುದೂ ಪದ್ಧತಿ.

"ಮಗಳ, ಈ ಸಂಸಾರದಾಗ ನಿನಗ ಬೇಕು ಅನ್ನೂದು ಇನ್ನೇನರ ಉಳದೈತೇನ?"

ಇಲ್ಲ ಎನ್ನಲು ಬಾಯಿ ತೆರೆದೆ. ಅದೇ ಬಾಯಿಂದ ಬಂದದ್ದು ಬೇರೆ.

"ಒಂದ ಎಲಿ ಕೆಳಮೈ ನೋಡಬೇಕ್ರಿ ಅಮ್ಮನವರ."

ಹಿಂದೆ ಯಾರೋ ಹೆಂಗಸು "ಏನಂದ್ಳು?" ಎಂದದ್ದು ಎಲ್ಲರಿಗೂ ಕೇಳಿತು. ಅಮ್ಮನವರು ಚಾಚಿದ್ದ ಕೈ ಹಿಂದಕ್ಕೆ ತೆಗೆದರು. ಸಿಟ್ಟು ಬಂದೀತೆಂದು ಕಣ್ಣು ಮುಚ್ಚಿದೆ.

"ಹಂಗಾರ ಮಣಿ ಬಿಟ್ಟು ಏಳು" ಎಂದರು, ಮೆಲ್ಲಗೆ. "ನೋಡ್ಕೊಂಡ ತಿರುಗಿ ಬಾ ಅಂತ ನಾ ಅನ್ನೂದಿಲ್ಲ. ನೋಡು, ಅಷ್ಟ."

ಎದ್ದೆ. ನಾಚಿಕೆಯಿಂದ ಸತ್ತುಹೋಗಬೇಕಿತ್ತು. ನನಗೆ ಜೋರು ಹಸಿವಾಗಿತ್ತು.

ಮಧ್ಯಾಹ್ನದ ಗಾಡಿಯಲ್ಲಿ ಮೂವರೂ ತಿರುಗಿ ಬಂದೆವು. ಅಣ್ಣ ಇಡೀ ಊರಿನ ಮುಂದೆ ತಲೆ ತಗ್ಗಿಸಿ ಬಂದವನು, ದೇಸೂರಿನವರೆಗೆ ಕಿಟಕಿಯ ಕಡೆಗೇ ನೋಡುತ್ತಿದ್ದ. ಆಮೇಲೆ ಮುಖ ತಿರುಗಿಸದೆಯೇ ಕೇಳಿದ:

"ಖರೇನ ಒಂದ ಎಲಿ ಸಲವಾಗಿ?"

"ಹೂಂ ಅಣ್ಣಾ."

"ಮ್ಯಾಲಿನ ಮೈ ಸಾಲಂಗಿಲ್ಲೇನ ನಿನಗ?"

ವೈನಿ ಸೆರಗು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಎಂದು ಬಗ್ಗಿ ನೋಡಿದೆ. ಎರಡೂ ಇತ್ತು. ನೋಡನೋಡುತ್ತ ಅಣ್ಣನೂ ನಕ್ಕ.

ಮನೆಗೆ ಬಂದು ಮುಖ ತೊಳೆದು ಬರೆಯಲು ಕೂತಿದ್ದೇನೆ. ನನ್ನ ಬಿಳಿ ಸೀರೆಗಳನ್ನೆಲ್ಲ ಮೊನ್ನೆಯೇ ದಾನ ಕೊಟ್ಟಾಗಿದೆ. ಈಗ ತಾನೆ ವೈನಿ ಬಾಗಿಲಲ್ಲಿ ನಿಂತು, ನಾಳೆ ಬೆಳಿಗ್ಗೆ ಎಂಟಕ್ಕೆ ಟಾಂಗಾ ಬರುತ್ತದೆ, ಕ್ಯಾಂಪಿಗೆ ಏನು ಉಟ್ಟು ಹೋಗುತ್ತಿ ಎಂದು ಕೇಳಿದರು. ತಾವು ಪೂಜೆಗೆ ಉಡುವ ಒಂದು ಬಿಳಿ ಸೀರೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು.

"ಇದನ್ನ ಉಟ್ಕೊಂಡ ಹೋಗ್ತೀನಿ ವೈನಿ" ಎಂದು ಮೈಮೇಲಿನ ಕುಸುಬಿ ಸೀರೆಯ ಸೆರಗು ಹಿಡಿದು ತೋರಿಸಿದೆ. ಅವರು ಬಿಳಿ ಸೀರೆಯನ್ನು ಮತ್ತೆ ಪೆಟ್ಟಿಗೆಯೊಳಗೆ ಇಟ್ಟರು.